ಗಡಿನಾಡಿನ ಒಕ್ಕಲುಗಳು, ಝಾಗ್ರೆಬಿನ ಧರ್ಮಾಧ್ಯಕ್ಷರು

ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್ ನಗರದ ಪ್ರಧಾನ ದೇವಾಲಯದ ಚಿತ್ರವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಎರಡು ಎತ್ತರದ ಗೋಪುರಗಳು, ಅವುಗಳ ನೆತ್ತಿಯ ಮೇಲೆ ಶಿಲುಬೆ. 2020ರ ಮಾರ್ಚ್ 22ರಂದು ಸಂಭವಿಸಿದ ಭೂಕಂಪದಲ್ಲಿ ಒಂದು ಗೋಪುರದ ತುದಿ ಮುರಿದುಬಿದ್ದಾಗ ಆ ದೃಶ್ಯ ಹಲವು ದೇಶಗಳ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಎಲ್ಲರ ಕಣ್ಣೂ ಮೇಲಿನ ಗೋಪುರದ ಮೇಲೆ. ಕೆಳಗೆ ದೇವಾಲಯವನ್ನು ಸುತ್ತುವರಿದ ಕಲ್ಲಿನ ಕೋಟೆಗೋಡೆಯನ್ನೂ ಅದರ ದುಂಡನೆಯ ಕೊತ್ತಲಗಳನ್ನೂ ಗಮನಿಸಿದವರು ಕಡಿಮೆ. 1512ರಿಂದ ಆರಂಭಿಸಿ ಸುಮಾರು ಹತ್ತು ವರ್ಷಗಳಲ್ಲಿ ಈ ಗೋಡೆ ಎದ್ದಿತು. ದೇವಾಲಯದ ಮುಂಭಾಗದಲ್ಲಿದ್ದ ಗೋಡೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಡವಿದರು. ಉಳಿದದ್ದು ಇಂದಿಗೂ ನಿಂತಿದೆ.

ಬಲಿಪೂಜೆಯ ಗಂಟೆ ಕೇಳಿಸುವ ಅಂಗಳದಲ್ಲಿ ಕೊತ್ತಲವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ಒಂದು ವಿಚಿತ್ರ ಕಾಲಕ್ಕೆ ತಲುಪುತ್ತೇವೆ. ಅಂದಿನ ಝಾಗ್ರೆಬಿನ ಧರ್ಮಾಧ್ಯಕ್ಷರು ಕುರಿಮಂದೆಯ ಕಾವಲುಗಾರರಷ್ಟೇ ಆಗಿರಲಿಲ್ಲ. ಅವರು ಜಮೀನುದಾರರು, ಕೋಟೆಗಳ ಒಡೆಯರು, ತಮ್ಮದೇ ಬಾವುಟದಡಿ ಸೈನಿಕರನ್ನು ನಿಲ್ಲಿಸುವ ದಂಡನಾಯಕರು. ಸಾವಿರಾರು ಒಕ್ಕಲು ಕುಟುಂಬಗಳ ಅನ್ನ ಅವರ ಕೈಯಲ್ಲಿತ್ತು. ಆ ಅಧಿಕಾರವನ್ನು ಒಪ್ಪದೆ ಎದುರು ನಿಂತವರು ಗಡಿನಾಡಿಗೆ ಬಂದು ನೆಲೆಸಿದ ವಲಸೆಗಾರರು. ಅವರಿಬ್ಬರ ನಡುವಿನ ವ್ಯಾಜ್ಯ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ಕಥೋಲಿಕ ಕುಟುಂಬಗಳಿಗಾಗಿ ಬರೆಯುವ ಈ ಅಂಕಣದಲ್ಲಿ ಇಂಥ ಕಥೆ ಬೇಕೇ ಎಂದು ಹಿರಿಯರು ಕೇಳಿಯಾರು. 2000ರ ಮಾರ್ಚ್ 12ರಂದು ಪೋಪ್ ದ್ವಿತೀಯ ಜಾನ್ ಪೌಲರೇ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳ ಹಿಂದಿನ ತಪ್ಪುಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದ್ದಾರೆ. ಚರಿತ್ರೆಯನ್ನು ನೇರವಾಗಿ ನೋಡಲು ನಾವು ಹೆದರಬೇಕಾಗಿಲ್ಲ. ಅಷ್ಟೇ ಅಲ್ಲ, ಈ ಕಥೆಯಲ್ಲಿ ಧರ್ಮಾಧ್ಯಕ್ಷರ ಪಕ್ಷಕ್ಕೂ ಹೇಳಲು ಬಹಳವಿದೆ.

1526ರಲ್ಲಿ ಮೊಹಾಚ್ ಎಂಬಲ್ಲಿ ಹಂಗೇರಿಯ ರಾಜ ಎರಡನೆಯ ಲೂಯಿ ತುರ್ಕರ ಸುಲ್ತಾನ ಸುಲೈಮಾನನ ಎದುರು ಸೋತು ಮಡಿದನು. ಹಂಗೇರಿಯೊಡನೆ ಕೂಡಿಕೊಂಡಿದ್ದ ಕ್ರೊಯೇಷಿಯಾಕ್ಕೆ ಅರಸನಿಲ್ಲದಂತಾಯಿತು. 1527ರ ಜನವರಿ 1ರಂದು ಅಲ್ಲಿನ ಶ್ರೀಮಂತ ಪಾಳೆಯಗಾರರು ಸೆಟಿನ್ ಎಂಬ ಊರಿನಲ್ಲಿ ಸೇರಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ಫರ್ಡಿನಾಂಡನನ್ನು ತಮ್ಮ ಅರಸನನ್ನಾಗಿ ಆರಿಸಿದರು. ಗಡಿಯನ್ನು ಕಾಯುವೆನೆಂದು ಅವನು ಮಾತು ಕೊಟ್ಟಿದ್ದನು. ಆದರೆ ತುರ್ಕರ ದಾಳಿಗಳು ನಿಲ್ಲಲಿಲ್ಲ. 1552ರಲ್ಲಿ ಚಾಝ್ಮಾ ಪಟ್ಟಣ ಬಿದ್ದಿತು. ಹದಿಮೂರನೆಯ ಶತಮಾನದಿಂದಲೂ ಆ ಪಟ್ಟಣದಲ್ಲಿ ಧರ್ಮಾಧ್ಯಕ್ಷರಿಗೆ ಸೇರಿದ ಪಾದ್ರಿಗಳ ಮಂಡಲಿಯೊಂದು ನೆಲೆಸಿತ್ತು. ಸಾವಾ ಮತ್ತು ದ್ರಾವಾ ನದಿಗಳ ನಡುವೆ ಧರ್ಮಾಧ್ಯಕ್ಷರ ಆಸ್ತಿಗೆ ಸೇರಿದ್ದ ಊರುಗಳು ಒಂದೊಂದಾಗಿ ಬರಿದಾದವು. ರೈತರು ಕೆಲವರು ಸೆರೆಯಾದರು, ಕೆಲವರು ಓಡಿಹೋದರು. ಉಳುಮೆಯ ಹೊಲಗಳಲ್ಲಿ ಕಾಡು ಬೆಳೆಯಿತು. ಇಗರ್ಜಿಗಳ ಮಾಡು ಕುಸಿಯಿತು.

ಧರ್ಮಾಧ್ಯಕ್ಷರ ಆದಾಯವೆಂದರೆ ಎರಡು ಬಗೆ. ಮೊದಲನೆಯದು ದಶಾಂಶ, ತಮ್ಮ ಧರ್ಮಪ್ರಾಂತ್ಯದಲ್ಲಿ ಬೆಳೆದ ಧಾನ್ಯ, ದ್ರಾಕ್ಷಾರಸ ಮೊದಲಾದವುಗಳಲ್ಲಿ ಹತ್ತರಲ್ಲೊಂದು ಪಾಲು. ಎರಡನೆಯದು ಅವರ ಸ್ವಂತ ಜಾಗೀರುಗಳ ಗೇಣಿ ಮತ್ತು ಬಿಟ್ಟಿ ದುಡಿಮೆ. ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದು, ಒಡೆಯನ ಸರಕು ಹೊರುವುದು, ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡದಿರುವುದು, ಜಗಳ ಬಂದರೆ ಒಡೆಯನ ನ್ಯಾಯಸ್ಥಾನದಲ್ಲೇ ನಿಲ್ಲುವುದು ಒಕ್ಕಲಿನ ಪಾಡು. ಮೂಲಗೇಣಿ, ಚಾಲಗೇಣಿಗಳ ಕಾಲವನ್ನು ಕಂಡ ನಮ್ಮ ಕರಾವಳಿಯ ಅಜ್ಜ ಅಜ್ಜಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿನ ಒಕ್ಕಲುತನ ಗೇಣಿಗಿಂತ ಬಿಗಿಯಾದದ್ದು. ಅದು ಮನುಷ್ಯನನ್ನೇ ಮಣ್ಣಿಗೆ ಕಟ್ಟಿಹಾಕುತ್ತಿತ್ತು.

ಆ ಆದಾಯದಿಂದ ಏನು ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಕೂಪಾ ನದಿಯು ಸಾವಾ ನದಿಯನ್ನು ಸೇರುವಲ್ಲಿ ಸೀಸಕ್ ಎಂಬ ಕೋಟೆಯಿದೆ. ಮೂರು ದುಂಡು ಕೊತ್ತಲಗಳ ಈ ಕೋಟೆಯನ್ನು 1544ರಿಂದ 1550ರವರೆಗೆ ಕಟ್ಟಿಸಿದವರು ಅರಸರಲ್ಲ. ಝಾಗ್ರೆಬಿನ ಪ್ರಧಾನ ದೇವಾಲಯದ ಪಾದ್ರಿಗಳ ಮಂಡಲಿ. ಅದನ್ನು ಕಾದವರೂ ಅವರೇ. ಬೋಸ್ನಿಯಾದ ಹಸನ್ ಪಾಷಾ ಪ್ರೆದೊಯೆವಿಚ್ 1592ರಲ್ಲಿ ಬಿಹಾಚ್ ಪಟ್ಟಣವನ್ನು ಗೆದ್ದು, ಮುಂದಿನ ವರ್ಷ ಸೀಸಕ್ಕಿಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗೆ ಆಜ್ಞೆ ಕೊಡುತ್ತಿದ್ದವರು ಬ್ಲಾಜ್ ಜುರಾಕ್ ಮತ್ತು ಮತಿಯಾ ಫಿಂತಿಚ್ ಎಂಬ ಇಬ್ಬರು ಪಾದ್ರಿಗಳು. 1593ರ ಜೂನ್ 22ರಂದು ಕ್ರೊಯೇಷಿಯಾದ ಮತ್ತು ಆಸ್ಟ್ರಿಯಾದ ಸೇನೆಗಳು ಬಂದು ಸೇರಿ ಕೂಪಾ ನದಿಯ ದಡದಲ್ಲಿ ಪಾಷಾನ ಸೇನೆಯನ್ನು ಮುರಿದವು. ಪಾಷಾ ಅಲ್ಲೇ ಹತನಾದನು. ಯೂರೋಪಿನಾದ್ಯಂತ ಗಂಟೆಗಳು ಮೊಳಗಿದವು. ಆದರೆ ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. ಅದೇ ಆಗಸ್ಟ್ ತಿಂಗಳಲ್ಲಿ ತುರ್ಕರು ಮತ್ತೆ ಬಂದು ಸೀಸಕ್ಕನ್ನು ವಶಪಡಿಸಿಕೊಂಡರು. ಕೋಟೆ ಮರಳಿ ಸಿಕ್ಕಿದ್ದು 1594ರಲ್ಲಿ. ಜಪಮಾಲೆ ಹಿಡಿಯುವ ಕೈಯಲ್ಲಿ ಕೋಟೆಯ ಬೀಗದ ಕೈಯನ್ನೂ ಹಿಡಿಯಬೇಕಾಗಿದ್ದ ಕಾಲವದು. ಆ ಖರ್ಚೆಲ್ಲ ದಶಾಂಶ ಮತ್ತು ಗೇಣಿಯಿಂದಲೇ ಬರಬೇಕಿತ್ತು.

ಈ ಕಾಲದ ಧರ್ಮಾಧ್ಯಕ್ಷರಲ್ಲಿ ಯೂರಾಯ್ ದ್ರಾಶ್ಕೊವಿಚ್ ಎಂಬವರನ್ನು ಮರೆಯುವಂತಿಲ್ಲ. ತ್ರೆಂತ್ ಮಹಾಸಭೆಯಲ್ಲಿ ಅವರು ಅರಸ ಫರ್ಡಿನಾಂಡನ ಪ್ರತಿನಿಧಿಯಾಗಿ ಕುಳಿತವರು. ಪರಮಪ್ರಸಾದದ ಪಾನಪಾತ್ರೆಯನ್ನು ಸಾಮಾನ್ಯ ವಿಶ್ವಾಸಿಗಳಿಗೂ ಕೊಡಬೇಕೆಂದು ವಾದಿಸಿದವರು. 1563ರಲ್ಲಿ ಝಾಗ್ರೆಬಿನ ಧರ್ಮಾಧ್ಯಕ್ಷರಾಗಿ ಬಂದು, ಪಾದ್ರಿಗಳ ಶಿಸ್ತನ್ನು ಸರಿಪಡಿಸಲು ಶ್ರಮಪಟ್ಟರು. 1567ರಲ್ಲಿ ಅರಸನು ಅವರನ್ನೇ ಕ್ರೊಯೇಷಿಯಾದ ‘ಬಾನ್’ ಅಂದರೆ ರಾಜಪ್ರತಿನಿಧಿಯ ಪದವಿಗೂ ನೇಮಿಸಿದನು. ಧರ್ಮದಂಡವೂ ರಾಜದಂಡವೂ ಒಬ್ಬರ ಕೈಗೇ ಬಂದವು.

1573ರ ಆರಂಭದಲ್ಲಿ ಸ್ಟುಬಿತ್ಸಾ ಮತ್ತು ಸುಸೆದ್‌ಗ್ರಾದ್ ಎಂಬ ಊರುಗಳ ಒಕ್ಕಲುಗಳು ಫ್ರಾನ್ಯೋ ತಾಹಿ ಎಂಬ ಒಡೆಯನ ಹಿಂಸೆಯನ್ನು ತಾಳಲಾರದೆ ದಂಗೆಯೆದ್ದರು. ಅವರ ಮುಂದಾಳು ಮತಿಯಾ ಗುಬೆತ್ಸ್ ಎಂಬ ರೈತ. ಇವರೆಲ್ಲರೂ ಕಥೋಲಿಕರೇ. ಗಡಿಯಲ್ಲಿದ್ದ ವಲಸೆ ಯೋಧರು ತಮ್ಮ ಜೊತೆ ಸೇರುತ್ತಾರೆಂದು ಅವರು ನಂಬಿದ್ದರು. ಆಗಿದ್ದೇ ಬೇರೆ. ಫೆಬ್ರವರಿ 5ರಂದು ಕ್ರ್ಶ್ಕೊ ಎಂಬಲ್ಲಿ ರೈತರ ಒಂದು ದಂಡನ್ನು ಚದುರಿಸಿದವರು ಅದೇ ಗಡಿನಾಡಿನ ಉಸ್ಕೋಕ್ ಯೋಧರು, ತಮ್ಮ ಕಪ್ತಾನ ಥುರ್ನನ ಹಿಂದೆ ನಿಂತು. ನಾಲ್ಕು ದಿನಗಳ ನಂತರ ಸ್ಟುಬಿತ್ಸಾದ ಬಳಿ ಬಾನರ ಸೇನೆ ಉಳಿದವರನ್ನು ಸದೆಬಡಿಯಿತು. ಗುಬೆತ್ಸನು ಸೆರೆಸಿಕ್ಕನು.

ಆಮೇಲೆ ಧರ್ಮಾಧ್ಯಕ್ಷ ದ್ರಾಶ್ಕೊವಿಚರು ಸಾಮ್ರಾಟ ಎರಡನೆಯ ಮ್ಯಾಕ್ಸಿಮಿಲಿಯನ್ನನಿಗೆ ಬರೆದ ಪತ್ರ ಉಳಿದುಬಂದಿದೆ. ಇತರರಿಗೆ ಪಾಠವಾಗಲೆಂದು ಗುಬೆತ್ಸನ ತಲೆಗೆ ಕೆಂಪಗೆ ಕಾದ ಕಬ್ಬಿಣದ ಕಿರೀಟವನ್ನು ತೊಡಿಸಲು ಅವರು ಅದರಲ್ಲಿ ಅನುಮತಿ ಕೇಳಿದ್ದಾರೆ. ಫೆಬ್ರವರಿ 15ರಂದು ಝಾಗ್ರೆಬಿನಲ್ಲಿ ಗುಬೆತ್ಸನನ್ನು ಕೊಂದರು. ಮುಳ್ಳಿನ ಕಿರೀಟ ಧರಿಸಿದ ಪ್ರಭುವಿನ ಸೇವಕರೊಬ್ಬರು ಇಂಥ ಸಾಲನ್ನು ಹೇಗೆ ಬರೆದರೋ ನಮಗೆ ತಿಳಿಯದು. ಮುಂದೆ 1585ರಲ್ಲಿ ಅವರು ಕಾರ್ಡಿನಲ್ ಆದರು.

ಒಂದೇ ಮಣ್ಣಿನಲ್ಲಿ ಎರಡು ಬಗೆಯ ರೈತರು ಇದ್ದುದರಿಂದಲೇ ಮುಂದಿನ ಕಥೆ ಹುಟ್ಟಿತು. ಒಬ್ಬನು ಒಡೆಯನ ಒಕ್ಕಲು. ಮತ್ತೊಬ್ಬನು ಗಡಿಯ ಯೋಧ, ತಲೆಯೆತ್ತಿ ನಡೆಯುವವನು.

ಈ ಗಡಿಯೋಧರು ಯಾರು? ತುರ್ಕರ ಆಳ್ವಿಕೆಯ ಬೋಸ್ನಿಯಾ ಮೊದಲಾದ ಸೀಮೆಗಳಿಂದ ಕುರಿ, ದನ, ಮಕ್ಕಳು ಮರಿಗಳೊಡನೆ ಗಡಿ ದಾಟಿ ಬಂದವರು. ದಾಖಲೆಗಳಲ್ಲಿ ಅವರಿಗೆ ‘ವ್ಲಾಹ’ರು ಎಂದು ಹೆಸರು. ಬಹುಪಾಲು ಜನರು ಪೂರ್ವದ ಆರ್ಥೊಡಾಕ್ಸ್ ಸಭೆಗೆ ಸೇರಿದವರು. ಫರ್ಡಿನಾಂಡನು 1538ರಲ್ಲಿಯೇ ಇಂಥ ಉಸ್ಕೋಕ್ ಮುಖಂಡರಿಗೆ ಸನದು ಕೊಟ್ಟು, ಇಪ್ಪತ್ತು ವರ್ಷ ತೆರಿಗೆಯಿಲ್ಲದೆ ಭೂಮಿಯನ್ನು ಅನುಭವಿಸಬಹುದೆಂದು ಹೇಳಿದ್ದನು; ಅವರು ಝುಂಬೆರಾಕ್ ಬೆಟ್ಟಗಳಲ್ಲಿ ನೆಲೆಸಿದರು. 1578ರ ನಂತರ ಗಡಿಯ ಆಡಳಿತ ಗ್ರಾಟ್ಸ್ ನಗರದ ಯುದ್ಧಮಂಡಲಿಯ ಕೈಗೆ ಹೋಯಿತು. ಸ್ಟಿರಿಯಾ, ಕಾರಿಂಥಿಯಾ, ಕಾರ್ನಿಯೋಲಾ ಪ್ರಾಂತ್ಯಗಳ ಹಣದಿಂದ ಅದು ನಡೆಯಿತು. 1579ರಲ್ಲಿ ಕಾರ್ಲೊವಾತ್ಸ್ ಎಂಬ ಹೊಸ ಕೋಟೆಪಟ್ಟಣವೇ ಎದ್ದಿತು. ಹದಿನಾರನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸಾವಾ–ದ್ರಾವಾ ನಡುವಿನ ಪಾಳುಭೂಮಿಗೆ ವ್ಲಾಹರು ಗುಂಪು ಗುಂಪಾಗಿ ಬಂದರು. ಸೇನಾಧಿಪತಿಗಳು ಅವರನ್ನು ಇವಾನಿಚ್, ಕ್ರಿಝೆವ್ತ್ಸಿ, ಕೊಪ್ರಿವ್ನಿತ್ಸಾ ಕೋಟೆಗಳ ಸುತ್ತ ನೆಲೆಗೊಳಿಸಿದರು.

ಅವರ ಬದುಕು ಕೂಡುಕುಟುಂಬದ್ದು. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳೆಲ್ಲ ಒಂದೇ ಮನೆಯೊಡೆಯನ ಕೆಳಗೆ. ದನ, ಹೊಲ, ಉಗ್ರಾಣ ಎಲ್ಲವೂ ಒಟ್ಟಿಗೆ. ಇದಕ್ಕೆ ಅವರು ‘ಝಾದ್ರುಗಾ’ ಎನ್ನುತ್ತಿದ್ದರು. ಗಡಿಗೆ ಈ ಪದ್ಧತಿ ಬಹಳ ಅನುಕೂಲವಾಯಿತು. ಮನೆಯ ಒಬ್ಬಿಬ್ಬರು ಬಂದೂಕು ಹಿಡಿದು ಕಾವಲಿಗೆ ಹೋದರೆ ಉಳಿದವರು ಉಳುಮೆ ಬಿಡದೆ ನಡೆಸುತ್ತಿದ್ದರು. ನದಿಯ ದಡದುದ್ದಕ್ಕೂ ಮರದ ಕಂಬಗಳ ಮೇಲೆ ‘ಚಾರ್ದಾಕ್’ ಎಂಬ ಕಾವಲು ಅಟ್ಟಗಳು. ಶತ್ರು ಕಂಡೊಡನೆ ಬೆಂಕಿ ಹಚ್ಚಿ, ತೋಪು ಹಾರಿಸಿ ಮುಂದಿನ ಅಟ್ಟಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಟು. ಸಂಬಳ ಕಡಿಮೆ, ಬಂದರೂ ತಡ. ಅದಕ್ಕೆ ಬದಲಾಗಿ ಭೂಮಿ, ಮತ್ತು ಯಾವ ಒಡೆಯನಿಗೂ ಗೇಣಿ ಕೊಡಬೇಕಾಗಿಲ್ಲವೆಂಬ ಭರವಸೆ.

ಆದರೆ ಆ ಭೂಮಿ ಯಾರದ್ದು? ಇಲ್ಲಿಯೇ ವ್ಯಾಜ್ಯ. ಇವಾನಿಚ್ ಪಟ್ಟಣ ಮೊದಲಿನಿಂದಲೂ ಝಾಗ್ರೆಬಿನ ಧರ್ಮಾಧ್ಯಕ್ಷರದ್ದು. ಚಾಝ್ಮಾ, ದುಬ್ರಾವಾ ಸುತ್ತಲಿನ ಹಳ್ಳಿಗಳೂ ಅವರ ಜಾಗೀರೇ. ಧರ್ಮಾಧ್ಯಕ್ಷರ ವಾದ ಸರಳವಾಗಿತ್ತು. ಈ ಭೂಮಿಯನ್ನು ಹಿಂದಿನ ಅರಸರು ಧರ್ಮಸಭೆಗೆ ದಾನವಾಗಿ ಕೊಟ್ಟಿದ್ದಾರೆ. ಅದು ನನ್ನ ಸ್ವಂತ ಆಸ್ತಿಯಲ್ಲ, ನನ್ನ ಪೂರ್ವಾಧಿಕಾರಿಗಳಿಂದ ಬಂದು ನನ್ನ ನಂತರದವರಿಗೆ ಹೋಗಬೇಕಾದದ್ದು. ಧರ್ಮಸಭೆಯ ಆಸ್ತಿಯನ್ನು ಪರಭಾರೆ ಮಾಡಲು ಧರ್ಮಸಭೆಯ ಕಾನೂನು ನನಗೆ ಅಧಿಕಾರ ಕೊಟ್ಟಿಲ್ಲ. ವಲಸೆಗಾರರು ಇರಲಿ, ಆದರೆ ಹಳೆಯ ಒಕ್ಕಲುಗಳಂತೆ ಗೇಣಿಯನ್ನೂ ದಶಾಂಶವನ್ನೂ ಕೊಡಲಿ. ಸಂತ ಸ್ತೆಫಾನರ ಹೆಸರಿನ ಪ್ರಧಾನ ದೇವಾಲಯದ ದೀಪಕ್ಕೆ ಎಣ್ಣೆ ಬೇಡವೇ, ಕೋಟೆಯ ತೋಪಿಗೆ ಮದ್ದು ಬೇಡವೇ?

ವಲಸೆಗಾರರ ಉತ್ತರವೂ ಅಷ್ಟೇ ಸರಳ. ನಾವು ಬಂದಾಗ ಇಲ್ಲಿ ಒಕ್ಕಲೂ ಇರಲಿಲ್ಲ, ಒಡೆಯನೂ ಇರಲಿಲ್ಲ, ಕಾಡಿತ್ತು. ಕಾಡು ಕಡಿದವರು ನಾವು. ತುರ್ಕರ ಕತ್ತಿಗೆ ಮೊದಲು ಎದೆಯೊಡ್ಡುವವರೂ ನಾವು. ನಮ್ಮನ್ನು ಕರೆದವನು ಸಾಮ್ರಾಟ. ಅವನಿಗೆ ರಕ್ತದ ತೆರಿಗೆ ಕೊಡುತ್ತಿದ್ದೇವೆ, ಇನ್ನೊಬ್ಬರಿಗೆ ಧಾನ್ಯದ ತೆರಿಗೆ ಏಕೆ? ಒಡೆಯರ ಕೈಕೆಳಗೆ ಸೇರುವುದಕ್ಕಿಂತ ತುಂಡು ತುಂಡಾಗಿ ಕತ್ತರಿಸಿಕೊಳ್ಳುವುದೇ ಮೇಲೆಂಬುದು ಅವರ ನಿಲುವಾಗಿತ್ತು.

ವಾಚಕರು ಇದನ್ನು ಕಥೋಲಿಕರಿಗೂ ಆರ್ಥೊಡಾಕ್ಸರಿಗೂ ನಡೆದ ಜಗಳವೆಂದು ತಿಳಿದರೆ ಅರ್ಧ ಸತ್ಯ ಮಾತ್ರ ಕಂಡಂತೆ. ಗಡಿಯ ಹಳ್ಳಿಗಳಲ್ಲಿ ಕಥೋಲಿಕ ವಲಸೆಗಾರರೂ ಇದ್ದರು. ತುರ್ಕರ ವಶದಲ್ಲಿದ್ದ ಸ್ಲವೋನಿಯಾದಿಂದ ಬಂದ ಅವರಿಗೆ ‘ಪ್ರೆದಾವ್ತ್ಸಿ’ ಎಂಬ ಹೆಸರಿತ್ತು. ಅಷ್ಟೇ ಅಲ್ಲ, ಒಳನಾಡಿನ ಒಡೆಯರ ಒಕ್ಕಲುಗಳೂ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಗಡಿಗೆ ಓಡಿಹೋಗಿ ಯೋಧರಾಗುತ್ತಿದ್ದರು. ತಮ್ಮದೇ ಮತದ ಒಡೆಯನ ಬಿಟ್ಟಿಗಿಂತ ತುರ್ಕರ ಗುಂಡಿನ ಎದುರು ನಿಲ್ಲುವುದು ಅವರಿಗೆ ವಾಸಿಯೆನಿಸಿತ್ತು. ಒಡೆಯರಿಗೆ ಸಿಟ್ಟು ಬಂದುದರಲ್ಲಿ ಆಶ್ಚರ್ಯವಿಲ್ಲ. ‘ಸಾಬೋರ್’ ಎಂಬ ಕ್ರೊಯೇಷಿಯಾದ ಪ್ರತಿನಿಧಿ ಸಭೆ ಮತ್ತೆ ಮತ್ತೆ ಸೇರಿ, ವ್ಲಾಹರನ್ನು ಒಡೆಯರ ಕೈಗೆ ಒಪ್ಪಿಸಬೇಕೆಂದು ಒತ್ತಾಯಿಸಿತು. ಆ ಸಭೆಯಲ್ಲಿ ಧರ್ಮಾಧ್ಯಕ್ಷರ ಪೀಠ ಮುಂದಿನ ಸಾಲಿನಲ್ಲಿತ್ತು.

ಆದರೂ ಧರ್ಮದ ಪ್ರಶ್ನೆ ಇರಲೇ ಇಲ್ಲವೆನ್ನಲಾಗದು. ಇವಾನಿಚ್ ಸಮೀಪದ ಮಾರ್ಚಾ ಎಂಬಲ್ಲಿ ವಲಸೆಗಾರರ ಮಠವೊಂದು ಎದ್ದಿತು. ಅವರ ಧರ್ಮಾಧ್ಯಕ್ಷ ಸಿಮೆಯೊನ್ ವ್ರತಾನ್ಯಾ 1611ರಲ್ಲಿ ರೋಮಿಗೆ ಹೋಗಿ, ಮುಂದೆ ಸಂತ ಪದವಿಗೇರಿದ ಕಾರ್ಡಿನಲ್ ರಾಬರ್ಟ್ ಬೆಲ್ಲರ್ಮಿನರ ಎದುರು ಕಥೋಲಿಕ ವಿಶ್ವಾಸವನ್ನು ಅಂಗೀಕರಿಸಿದರು. ಪೋಪ್ ಐದನೆಯ ಪೌಲರು ಅವರನ್ನು ಪೂರ್ವವಿಧಿಯ ವಿಶ್ವಾಸಿಗಳಿಗೆ ಧರ್ಮಾಧ್ಯಕ್ಷರೆಂದು ಒಪ್ಪಿಕೊಂಡರು. ಝಾಗ್ರೆಬಿನ ಧರ್ಮಾಧ್ಯಕ್ಷ ಪೇತರ್ ದೊಮಿತ್ರೊವಿಚರು ಮಾರ್ಚಾದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟರು. ತಮ್ಮದೇ ಪೂಜಾವಿಧಿ, ತಮ್ಮದೇ ಭಾಷೆ, ಆದರೆ ಪೋಪ್ ಜಗದ್ಗುರುಗಳೊಡನೆ ಐಕ್ಯ. ಬೆಳ್ತಂಗಡಿಯ ಕಡೆಯ ಸಿರೋ-ಮಲಬಾರ್ ಬಾಂಧವರನ್ನು ಬಲ್ಲ ನಮಗೆ ಇದು ಹೊಸದಲ್ಲ.

ಕೇಳಲು ಇದು ಸುಖಾಂತ್ಯದಂತೆ ತೋರುತ್ತದೆ. ಹಾಗಾಗಲಿಲ್ಲ. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯ ಒಂದು ಕಟ್ಟಳೆಯ ಪ್ರಕಾರ ಒಂದು ನಗರಕ್ಕೆ ಅಥವಾ ಧರ್ಮಪ್ರಾಂತ್ಯಕ್ಕೆ ಇಬ್ಬರು ಧರ್ಮಾಧ್ಯಕ್ಷರು ಇರುವಂತಿಲ್ಲ. ಬೇರೆ ಪೂಜಾವಿಧಿಯ ಜನರಿದ್ದರೆ ಅವರಿಗಾಗಿ ಸ್ಥಳೀಯ ಧರ್ಮಾಧ್ಯಕ್ಷರೇ ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕು. ಇದನ್ನು ಮುಂದಿಟ್ಟು ಝಾಗ್ರೆಬ್, ಮಾರ್ಚಾದ ಧರ್ಮಾಧ್ಯಕ್ಷರು ತನ್ನ ಕೈಕೆಳಗಿನ ಪ್ರತಿನಿಧಿ ಮಾತ್ರ ಎಂದಿತು. ಮಾರ್ಚಾದವರು ತಾವು ಸ್ವತಂತ್ರರೆಂದರು. ಧರ್ಮಾಧ್ಯಕ್ಷ ಬೆನೆದಿಕ್ತ್ ವಿಂಕೊವಿಚರ ಕಾಲದಲ್ಲಿ (1637–1642) ಈ ಜಗಳ ತೀರ ಕಹಿಯಾಯಿತು. ಪೇತರ್ ಪೆತ್ರೆತಿಚರು 1651ರಲ್ಲಿ ವ್ಲಾಹರ ವಿರುದ್ಧ ಸಾಮ್ರಾಟನಿಗೆ ದೀರ್ಘ ದೂರನ್ನು ಬರೆದರು. ಐಕ್ಯಕ್ಕೆ ಬನ್ನಿ ಎಂದು ಕೈಚಾಚುವವರೇ ಗೇಣಿ ಕೊಡಿ ಎಂದೂ ಕೈಚಾಚಿದರೆ ಹಳ್ಳಿಯ ಜನ ಏನೆಂದುಕೊಂಡಾರು? ಬಿಷಪರ ಧರ್ಮಕ್ಕೆ ಸೇರುವುದೆಂದರೆ ಬಿಷಪರ ಒಕ್ಕಲಾಗುವುದೆಂದೇ ಅವರು ಶಂಕಿಸಿದರು. ನಮ್ಮ ಅಭಿಪ್ರಾಯದಲ್ಲಿ ಐಕ್ಯದ ಕೆಲಸಕ್ಕೆ ದೊಡ್ಡ ಅಡ್ಡಿ ಬಂದದ್ದು ಸಿದ್ಧಾಂತದಿಂದಲ್ಲ, ಈ ಶಂಕೆಯಿಂದ.

ಮಧ್ಯೆ ಸಾಮ್ರಾಟನ ತೀರ್ಮಾನ ಬಂದಿತ್ತು. 1630ರ ಅಕ್ಟೋಬರ್ 5ರಂದು ಎರಡನೆಯ ಫರ್ಡಿನಾಂಡನು ರೇಗೆನ್ಸ್‌ಬರ್ಗ್ ನಗರದಲ್ಲಿ ‘ಸ್ತಾತೂತಾ ವಲಾಖೋರುಂ’ ಎಂಬ ಲತೀನ್ ಸನದಿಗೆ ಸಹಿ ಹಾಕಿದನು. ವ್ಲಾಹರ ಕಟ್ಟಳೆಗಳು ಎಂದು ಅದರ ಅರ್ಥ. ಪ್ರತಿ ಹಳ್ಳಿಯೂ ‘ಕ್ನೇಝ್’ ಎಂಬ ತನ್ನ ಮುಖಂಡನನ್ನು ತಾನೇ ಆರಿಸಬಹುದು. ಕ್ರಿಝೆವ್ತ್ಸಿ, ಕೊಪ್ರಿವ್ನಿತ್ಸಾ, ಇವಾನಿಚ್ ಈ ಮೂರು ಕಪ್ತಾನಗಿರಿಗಳಿಗೆ ಒಬ್ಬೊಬ್ಬ ಹಿರಿಯ ನ್ಯಾಯಾಧೀಶ, ಅವನ ಜೊತೆಗೆ ಸಹನ್ಯಾಯಾಧೀಶರು. ಇವರೂ ಜನರಿಂದಲೇ ಆಯ್ಕೆಯಾದವರು. ಪ್ರತಿಯಾಗಿ, ಶತ್ರು ಬಂದಾಗ ಹದಿನೆಂಟು ವರ್ಷ ದಾಟಿದ ಗಂಡಸರೆಲ್ಲ ಕೆಲವೇ ಗಂಟೆಗಳಲ್ಲಿ ಆಯುಧ ಹಿಡಿದು ಸೇರಬೇಕು. ಒಳನಾಡಿನ ಒಕ್ಕಲಿಗೆ ತನ್ನ ನ್ಯಾಯಾಧೀಶನನ್ನು ತಾನೇ ಆರಿಸುವುದು ಕನಸಿನಲ್ಲೂ ಸಾಧ್ಯವಿರದ ಕಾಲದಲ್ಲಿ ಕುರಿ ಕಾಯುವ ವಲಸೆಗಾರರಿಗೆ ಇದು ಸಿಕ್ಕಿತು.

ಸಾಮ್ರಾಟ ಫರ್ಡಿನಾಂಡನು ಯೇಸುಸಭೆಯವರ ಶಿಷ್ಯ, ಕಥೋಲಿಕ ವಿಶ್ವಾಸಕ್ಕಾಗಿ ಮೂವತ್ತು ವರ್ಷಗಳ ಯುದ್ಧದಲ್ಲಿ ಇಳಿದವನು. ಸ್ವತಃ ತನ್ನ ಪ್ರಾಂತ್ಯಗಳಿಂದ ಪ್ರೊಟೆಸ್ಟೆಂಟರನ್ನು ಹೊರಹಾಕಿದವನು. ಅಂಥವನು ಕಥೋಲಿಕ ಧರ್ಮಾಧ್ಯಕ್ಷರ ಮಾತನ್ನು ಬದಿಗಿಟ್ಟು, ಆರ್ಥೊಡಾಕ್ಸ್ ವಲಸೆಗಾರರಿಗೆ ಸ್ವಾತಂತ್ರ್ಯ ಕೊಟ್ಟದ್ದೇಕೆ? ಕರುಣೆಯಿಂದಲ್ಲ. ಗಡಿಗೆ ಅಗ್ಗದ ಸೇನೆ ಬೇಕಾಗಿತ್ತು. ಧರ್ಮಾಧ್ಯಕ್ಷರಿಗೆ ಭೂಮಿ ಮರಳಿಸಿದರೆ ಯೋಧರು ತುರ್ಕರ ಕಡೆಗೇ ಹೋಗಿಯಾರೆಂಬ ಭಯವಿತ್ತು. ಸನದಿನಲ್ಲಿ ಭೂಮಿಯ ಒಡೆತನದ ಪ್ರಶ್ನೆಯನ್ನು ಮಾತ್ರ ನೇರವಾಗಿ ಬಗೆಹರಿಸಲೇ ಇಲ್ಲ. ಅದರಿಂದ ಧರ್ಮಾಧ್ಯಕ್ಷರ ದಾವೆ ಜೀವಂತ ಉಳಿಯಿತು, ವಲಸೆಗಾರರ ಭಯವೂ ಉಳಿಯಿತು, ಇಬ್ಬರೂ ಸಾಮ್ರಾಟನ ಬಾಗಿಲಲ್ಲೇ ನಿಂತಿರಬೇಕಾಯಿತು. ಚಾಣಾಕ್ಷತನವೆಂದರೆ ಇದು.

ಬಿಷಪರಿಂದ ತಪ್ಪಿಸಿಕೊಂಡ ಯೋಧರು ಸುಖವಾಗಿದ್ದರೇ? ಸ್ವಲ್ಪ ಕಾಲ ಹೌದು. ಆಮೇಲೆ ಸೇನಾಧಿಕಾರಿಗಳೇ ಹೊಸ ಒಡೆಯರಾದರು. ಜನರು ಆರಿಸಿದ ನ್ಯಾಯಾಧೀಶರ ಅಧಿಕಾರವನ್ನು ಅವರು ಮೊಟಕುಗೊಳಿಸಿದಾಗ ಕ್ರಿಝೆವ್ತ್ಸಿಯ ಹಿರಿಯ ನ್ಯಾಯಾಧೀಶ ಸ್ತೆಫಾನ್ ಓಸ್ಮೊಕ್ರುಹೊವಿಚ್ 1665–66ರಲ್ಲಿ ದಂಗೆಯೆದ್ದು ಪ್ರಾಣ ಕಳೆದುಕೊಂಡನು. 1670ರಲ್ಲಿ ಮಾರ್ಚಾದ ಧರ್ಮಾಧ್ಯಕ್ಷ ಗಾವ್ರಿಲೊ ಮಿಯಾಕಿಚರನ್ನು ರಾಜದ್ರೋಹದ ಆರೋಪದ ಮೇಲೆ ಸೆರೆಹಿಡಿದರು. ಅವರು ಮತ್ತೆ ಹೊರಬರಲಿಲ್ಲ. ಅವರ ನಂತರದವರನ್ನು ಒಪ್ಪದ ಕೆಲವು ಸನ್ಯಾಸಿಗಳನ್ನು ಮಾಲ್ಟಾ ದ್ವೀಪದ ನಾವೆಗಳಲ್ಲಿ ಹುಟ್ಟುಹಾಕುವ ಶಿಕ್ಷೆಗೆ ಕಳುಹಿಸಲಾಯಿತು. 1739ರಲ್ಲಿ ಮಾರ್ಚಾ ಮಠ ಬೆಂಕಿಗೆ ಆಹುತಿಯಾಯಿತು. 1754ರಲ್ಲಿ ಮರಿಯಾ ತೆರೇಸಾ ರಾಣಿಯ ಆಳ್ವಿಕೆಯಲ್ಲಿ ಹೊಸ ಸೇನಾ ಕಾನೂನು ಬಂದಾಗ ಹಳೆಯ ಸನದು ಬರಿಯ ನೆನಪಾಯಿತು. ಮರುವರ್ಷ ಸೆವೆರಿನ್ ಎಂಬಲ್ಲಿ ಮತ್ತೆ ದಂಗೆ. ತುರ್ಕರ ಭಯ ಹಿಂದೆ ಸರಿದ ಮೇಲೆ ಗಡಿನಾಡಿನ ಮಕ್ಕಳನ್ನು ಹ್ಯಾಬ್ಸ್‌ಬರ್ಗರ ದೂರದೂರದ ಯುದ್ಧಗಳಿಗೆ ಸಾಗಿಸಿದರು. ಒಕ್ಕಲುತನಕ್ಕೆ ಬದಲಾಗಿ ಜೀವನಪೂರ್ತಿ ಸಿಪಾಯಿಗಿರಿ.

ಒಳನಾಡಿನಲ್ಲಿ ಧರ್ಮಾಧ್ಯಕ್ಷರ ಒಕ್ಕಲುಗಳು ಬಿಡುಗಡೆಗಾಗಿ 1848ರವರೆಗೆ ಕಾಯಬೇಕಾಯಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಬಾನ್ ಯೊಸಿಪ್ ಯೆಲಾಚಿಚ್ ಒಕ್ಕಲುತನವನ್ನು ರದ್ದುಮಾಡಿದನು. ದಶಾಂಶವೂ ಹೋಯಿತು. ಅಂದು ಝಾಗ್ರೆಬಿನಲ್ಲಿದ್ದವರು ಧರ್ಮಾಧ್ಯಕ್ಷ ಯೂರಾಯ್ ಹಾವುಲಿಕ್; ಕೆಲವೇ ವರ್ಷಗಳಲ್ಲಿ ಅವರು ಅಲ್ಲಿನ ಮೊದಲ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲ್ಲರೂ ಆದರು. ಸೇನಾಗಡಿಯನ್ನು 1881ರಲ್ಲಿ ಕ್ರೊಯೇಷಿಯಾಕ್ಕೆ ಸೇರಿಸಲಾಯಿತು.

ಇಬ್ಬರು ಧರ್ಮಾಧ್ಯಕ್ಷರ ವ್ಯಾಜ್ಯ ಅದಕ್ಕೂ ಮೊದಲೇ ಮುಗಿದಿತ್ತು. 1777ರಲ್ಲಿ ಪೋಪ್ ಆರನೆಯ ಪಿಯೂಸರು ಪೂರ್ವವಿಧಿಯ ಕಥೋಲಿಕರಿಗಾಗಿ ಝಾಗ್ರೆಬಿನ ಅಧೀನವಲ್ಲದ ಧರ್ಮಪ್ರಾಂತ್ಯವನ್ನು ಕ್ರಿಝೆವ್ತ್ಸಿಯಲ್ಲಿ ಸ್ಥಾಪಿಸಿದರು. ಝುಂಬೆರಾಕಿನ ಉಸ್ಕೋಕ್ ಯೋಧರ ಸಂತತಿಯವರಲ್ಲಿ ಅನೇಕರು ಈ ಧರ್ಮಪ್ರಾಂತ್ಯದ ವಿಶ್ವಾಸಿಗಳು. 1619ರ ಸೆಪ್ಟೆಂಬರ್ 7ರಂದು ಕೋಶಿತ್ಸೆಯಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟು, 1995ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರಿಂದ ಸಂತರೆಂದು ಘೋಷಿತರಾದ ಮಾರ್ಕ್ ಕೂಡ ಇದೇ ಕ್ರಿಝೆವ್ತ್ಸಿಯವರು. 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಝಾಗ್ರೆಬ್ ಮಹಾಧರ್ಮಪ್ರಾಂತ್ಯದಿಂದ ಒಂದು ಭಾಗವನ್ನು ಬೇರ್ಪಡಿಸಿ ಬಿಯೆಲೊವಾರ್–ಕ್ರಿಝೆವ್ತ್ಸಿ ಎಂಬ ಲತೀನ್ ಧರ್ಮಪ್ರಾಂತ್ಯವನ್ನೂ ಮಾಡಿದರು. ಈಗ ಆ ಸಣ್ಣ ಪಟ್ಟಣದಲ್ಲಿ ಪವಿತ್ರ ಶಿಲುಬೆಯ ಹೆಸರಿನ ಲತೀನ್ ಸಹಪ್ರಧಾನ ದೇವಾಲಯವೂ ಪವಿತ್ರ ತ್ರಿತ್ವದ ಹೆಸರಿನ ಪೂರ್ವವಿಧಿಯ ಪ್ರಧಾನ ದೇವಾಲಯವೂ ಇವೆ. ಊರು ಒಂದೇ, ಧರ್ಮಾಧ್ಯಕ್ಷರು ಇಬ್ಬರು. ಇಬ್ಬರಿಗೂ ಗೇಣಿ ಕೊಡುವ ಒಕ್ಕಲಿಲ್ಲ.